ಒಂದೇ ಖಣ, ಎರಡು ಜಾಕೆಟ್: ಮುಂಬೈ ಮತ್ತು ಬೆಂಗಳೂರಿನ ಹಿಪ್‌ಸ್ಟರ್ ಫ್ಯಾಷನ್ ಹಾಕಿ ನೋಡಿದ ಮೇಲೆ

ನನ್ನ ಓಟು ಬೆಂಗಳೂರಿಗೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನ ಬೀರುವಿನಲ್ಲಿ ಖಣದ, ಅಂದರೆ ಕುಪ್ಪಸಕ್ಕೆಂದೇ ನೇಯುವ ಅಂಚಿನ ಬಟ್ಟೆಯ, ಎರಡು ಜಾಕೆಟ್ ಇವೆ. ಎರಡೂ ಕಡು ಹಸಿರು, ಎರಡಕ್ಕೂ ಕೆಂಪು ಅಂಚು. ಒಂದನ್ನು ಬಾಂದ್ರಾದ ಒಂದು ಪುಟ್ಟ ಬುಟಿಕ್‌ನಲ್ಲಿ ₹4,800 ಕೊಟ್ಟು ತೆಗೆದುಕೊಂಡೆ. ಇನ್ನೊಂದಕ್ಕೆ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಿಂದ ಬಟ್ಟೆ ತರಿಸಿ, ಗಾಂಧಿ ಬಜಾರಿನ ಹತ್ತಿರ ಟೈಲರ್ ಒಬ್ಬರಿಂದ ಹೊಲಿಸಿದೆ. ಬಟ್ಟೆ, ಲೈನಿಂಗ್, ಕೂಲಿ ಎಲ್ಲ ಸೇರಿ ₹2,900 ಆಯಿತು. ಸದಾ ಕೈಗೆ ಸಿಗುವುದು ಈ ಎರಡನೆಯದೇ. ಮೊದಲನೆಯದನ್ನು ಬಿಚ್ಚಿಸಿ ಮತ್ತೆ ಹೊಲಿಸಿದ ಮೇಲೆ ಈಗ ಹಾಕುವ ಹಾಗಾಗಿದೆ.

ಕೆಲಸದ ಮೇಲೆ ಕೆಲವು ವರ್ಷ ಮುಂಬೈನ ಮಾಟುಂಗಾದಲ್ಲಿದ್ದೆ. ಈಗ ಬಸವನಗುಡಿ. ಹುಟ್ಟೂರು ಬಾಗಲಕೋಟೆ ಕಡೆ, ಹಾಗಾಗಿ ಖಣ ನನಗೆ ಹೊಸದಲ್ಲ. ಉಡಿ ತುಂಬುವಾಗ ತೆಂಗಿನಕಾಯಿ, ಅಕ್ಕಿ, ಎಲೆ ಅಡಿಕೆಯ ಜೊತೆ ಮೂಲೆ ಮಡಚಿ ಇಟ್ಟ ಖಣವನ್ನು ನೋಡುತ್ತಲೇ ಬೆಳೆದವಳು ನಾನು. ಅವ್ವನ ಟ್ರಂಕಿನಲ್ಲಿ ಅಂಥವು ಈಗಲೂ ಒಂದು ಗಂಟು ಇವೆ.

ಹಿಪ್‌ಸ್ಟರ್ ಅಂದರೆ ನಾನು ಹೇಳುತ್ತಿರುವುದು ಮಾಲ್‌ನ ಬ್ರ್ಯಾಂಡ್ ಫ್ಯಾಷನ್ ಬಗ್ಗೆ ಅಲ್ಲ. ಅಜ್ಜಿ ಕಾಲದ್ದು, ಕೈಮಗ್ಗದ್ದು, ಯಾರೋ ಹಾಕಿ ಬಿಟ್ಟದ್ದು, ಇಂಥವನ್ನು ಹೊಸ ತರಹ ಹಾಕಿಕೊಳ್ಳುವುದು. ಇಳಕಲ್ ಸೀರೆಗೆ ಸ್ನೀಕರ್ಸ್. ಕುಪ್ಪಸದ ಬದಲು ಶರ್ಟ್. ಜೀನ್ಸ್ ಮೇಲೆ ಖಣದ ಜಾಕೆಟ್. ಕಪ್ಪಿಟ್ಟ ಬೆಳ್ಳಿಯಂಥ ಜುಮಕಿ, ದಪ್ಪ ಫ್ರೇಮಿನ ದುಂಡು ಕನ್ನಡಕ, ಬಟ್ಟೆ ಚೀಲ, ಕೊಲ್ಹಾಪುರಿ ಚಪ್ಪಲಿ. ಬಾಂದ್ರಾದ ಕೆಫೆಯಲ್ಲೂ ಇಂದಿರಾನಗರದ ಕೆಫೆಯಲ್ಲೂ ಪಟ್ಟಿ ಇದೇ. ಆದರೆ ಬಟ್ಟೆಯನ್ನು ಕೊಳ್ಳುವ ದಾರಿ, ಅದನ್ನು ಮೈಮೇಲೆ ಇಟ್ಟುಕೊಳ್ಳುವ ಹೊತ್ತು, ಒಗೆಯುವ ಕಷ್ಟ ಪೂರ್ತಿ ಬೇರೆ.

ಖಣದ ವಿಷಯದಲ್ಲಿ ಮುಂಬೈಗೆ ನಾನು ಮನಸಾರೆ ಕೈಮುಗಿಯುತ್ತೇನೆ. ನಮ್ಮ ಕಡೆ ಖಣ ಕುಪ್ಪಸಕ್ಕೇ ಮೀಸಲಾಗಿತ್ತು. ನನ್ನ ವಯಸ್ಸಿನವರು ಅದನ್ನೂ ಬಿಟ್ಟಿದ್ದರು. ಆ ಬಟ್ಟೆಯ ಫ್ರಾಕ್, ಜಾಕೆಟ್, ಪರ್ಸು, ಕಿವಿಯೋಲೆ, ಡೈರಿಯ ರಟ್ಟು ಎಲ್ಲವನ್ನೂ ನಾನು ಮೊದಲು ಕಂಡಿದ್ದು ದಾದರಿನಲ್ಲಿ. ಗುಡಿ ಪಾಡ್ವದ ದಿನ ಗಿರಗಾಂವ್‌ನ ಶೋಭಾಯಾತ್ರೆ ನೋಡಬೇಕು. ಒಂಬತ್ತು ಗಜದ ಸೀರೆ, ಖಣದ ಕುಪ್ಪಸ, ಮೂಗಿಗೆ ನತ್ತು, ಕಣ್ಣಿಗೆ ಕಪ್ಪು ಕನ್ನಡಕ, ಕೈಯಲ್ಲಿ ಬುಲೆಟ್ ಬೈಕಿನ ಹ್ಯಾಂಡಲ್. ಅಷ್ಟು ಜನ ಹೆಣ್ಣುಮಕ್ಕಳು ಅಷ್ಟು ಠೀವಿಯಿಂದ ಹೋಗುವುದನ್ನು ನೋಡಿ ನಾನು ರಸ್ತೆ ಬದಿಯಲ್ಲಿ ನಿಂತು ಚಪ್ಪಾಳೆ ತಟ್ಟಿದ್ದೆ. ಜಾಕೆಟ್ ಬೇಕು ಅನ್ನಿಸಿದ್ದು ಅವತ್ತೇ.

ಬಾಂದ್ರಾದ ಹಿಲ್ ರೋಡಿನಿಂದ ಒಳಗೆ ಹೋದರೆ ರಾನ್ವಾರ್, ಚಾಪೆಲ್ ರೋಡ್ ಕಡೆ ಹಳೇ ಮನೆಗಳ ಗಲ್ಲಿಗಳು. ಗೋಡೆ ತುಂಬ ಚಿತ್ರ, ನಡುನಡುವೆ ಒಂದೊಂದು ಕೋಣೆಯ ಅಂಗಡಿ. ಅಂಥದ್ದೊಂದರಲ್ಲಿ ಸಿಕ್ಕಿದ್ದು ಈ ಜಾಕೆಟ್. ಕಟ್ ಚೆನ್ನಾಗಿತ್ತು. ಭುಜ ಸರಿಯಾಗಿ ಕೂರುತ್ತಿತ್ತು. ಎರಡು ಜೇಬು ಬೇರೆ. ಒಗೆಯುವುದು ಹೇಗೆ ಅಂತ ಕೇಳಿದೆ. ತಣ್ಣೀರಿನಲ್ಲಿ ಕೈಯಲ್ಲಿ ಒಗೆಯಬಹುದು ಅಂದರು. ಒಳಗೆ ಒಗೆಯುವ ಚೀಟಿ ಇರಲಿಲ್ಲ.

ಮನೆಗೆ ತಂದು ಹಾಕಿದ ಮೊದಲ ದಿನವೇ ಒಗೆಯಬೇಕಾಯಿತು. ಮುಂಬೈನ ಸೆಕೆ ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ. ಮಾಟುಂಗಾದಿಂದ ಚರ್ಚ್‌ಗೇಟ್ ಮುಟ್ಟುವಷ್ಟರಲ್ಲಿ ಬೆನ್ನು ಪೂರಾ ಒದ್ದೆ. ಬಕೆಟ್‌ನಲ್ಲಿ ತಣ್ಣೀರು, ಅದಕ್ಕೆ ಸ್ವಲ್ಪ ಶಾಂಪೂ, ಮೆತ್ತಗೆ ಅದ್ದಿ ಹಿಂಡದೆ ನೆರಳಿಗೆ ಹಾಕಿದೆ. ಮರುದಿನ ತೆಗೆದು ನೋಡಿದರೆ ಜಾಕೆಟ್‌ನ ಆಕಾರವೇ ಬೇರೆ. ಹೊರಗಿನ ಖಣ ಹಾಗೇ ಇದೆ, ಒಳಗಿನ ಕಾಟನ್ ಲೈನಿಂಗ್ ಕುಗ್ಗಿದೆ. ಎರಡನ್ನೂ ಸುತ್ತಲೂ ಸೇರಿಸಿ ಹೊಲಿದಿದ್ದರಿಂದ ಖಣಕ್ಕೆ ಹೋಗಲು ಜಾಗವಿಲ್ಲ. ಎದೆಯ ಮೇಲೆ, ಸೊಂಟದ ಹತ್ತಿರ, ಕಂಕುಳ ಕೆಳಗೆ ಪೂರಿ ಹಾಗೆ ಉಬ್ಬಿಕೊಂಡಿದೆ. ಹಿಂದಿನ ಅಂಚು ಮೇಲಕ್ಕೆ ಎಳೆದುಕೊಂಡಿದೆ. ಇಸ್ತ್ರಿ ಮಾಡಿದೆ. ಉಬ್ಬಿದ್ದೆಲ್ಲ ಗೆರೆ ಗೆರೆ ಸುಕ್ಕಾಗಿ ಕೂತುಬಿಟ್ಟಿತು.

ಹೀಗೆ ಯಾಕಾಗುತ್ತದೆ ಅಂತ ಹೊಲಿಗೆ ಗೊತ್ತಿರುವ ಯಾರನ್ನು ಕೇಳಿದರೂ ಹೇಳುತ್ತಾರೆ. ಹೊಸ ಕಾಟನ್ ಬಟ್ಟೆಯ ನೂಲು ಮಗ್ಗದಲ್ಲೂ ಆಮೇಲಿನ ಕೆಲಸದಲ್ಲೂ ಎಳೆದು ಬಿಗಿಯಾಗಿರುತ್ತದೆ. ಮೇಲೆ ಗಂಜಿ ಬೇರೆ. ಮೊದಲ ಸಲ ನೀರು ಬಿದ್ದಾಗ ಅದು ತನ್ನ ಅಳತೆಗೆ ಮರಳುತ್ತದೆ, ಅಂದರೆ ಕುಗ್ಗುತ್ತದೆ. ಅದಕ್ಕೇ ಲೈನಿಂಗನ್ನು ಕತ್ತರಿಸುವ ಮೊದಲು ರಾತ್ರಿಯಿಡೀ ನೀರಿಗೆ ಹಾಕಿ, ಒಣಗಿಸಿ, ಇಸ್ತ್ರಿ ಮಾಡುವುದು. ನಮ್ಮ ಊರಿನಲ್ಲಿ ಕುಪ್ಪಸ ಹೊಲಿಯುವ ಯಾವ ಹೆಂಗಸೂ ಇದನ್ನು ಬಿಡುವುದಿಲ್ಲ. ಖಣ ಮತ್ತು ಲೈನಿಂಗ್ ಎರಡೂ ಬೇರೆ ಬೇರೆ ನೂಲು. ಅವು ಒಂದೇ ಸಮ ಕುಗ್ಗುವುದಿಲ್ಲ. ಒಂದು ಬಕೆಟ್ ನೀರು ಮತ್ತು ಒಂದು ದಿನದ ಬಿಸಿಲು ಉಳಿಸಲು ಹೋಗಿ ₹4,800ರ ವಸ್ತುವನ್ನು ಹೀಗೆ ಹಾಳು ಮಾಡುವುದಾ? ನನಗೆ ಈಗಲೂ ಸಿಟ್ಟು ಬರುತ್ತದೆ.

ಅಂಗಡಿಗೆ ತೆಗೆದುಕೊಂಡು ಹೋದೆ. ಇದನ್ನು ಡ್ರೈಕ್ಲೀನ್‌ಗೆ ಮಾತ್ರ ಕೊಡಬೇಕಿತ್ತು ಅಂದರು. ಕೈಯಲ್ಲಿ ಒಗೆಯಬಹುದು ಅಂತ ಹೇಳಿದ್ದ ಹುಡುಗಿ ಅವತ್ತು ರಜ. ಬದಲಿ ಕೊಡಲಿಲ್ಲ, ದುಡ್ಡೂ ಇಲ್ಲ. ಬೆವರು ಸುರಿಯುವ ಊರಿನಲ್ಲಿ, ಪ್ರತಿ ಸಲ ಹಾಕಿದ ಮೇಲೂ ಡ್ರೈಕ್ಲೀನ್‌ಗೆ ಕೊಡಬೇಕಾದ ಜಾಕೆಟನ್ನು ಮಾರುವುದರಲ್ಲಿ ಏನರ್ಥ? ಕೆಲವು ಸಲ ಕೊಟ್ಟರೆ ಜಾಕೆಟ್‌ನ ಅರ್ಧ ಬೆಲೆ ಅಲ್ಲೇ ಹೋಗುತ್ತದೆ.

ಬೆಂಗಳೂರಿಗೆ ಬಂದ ಮೇಲೆ ಅದನ್ನು ಗಾಂಧಿ ಬಜಾರಿನ ಟೈಲರ್ ಮುಂದೆ ಇಟ್ಟೆ. ವಯಸ್ಸಾದವರು. ಕನ್ನಡಕ ಹಣೆಯಿಂದ ಕಣ್ಣಿಗೆ ಇಳಿಸಿ, ಜಾಕೆಟನ್ನು ಒಳಹೊರಗು ಮಾಡಿ, ಲೈನಿಂಗನ್ನು ಎರಡು ಬೆರಳಲ್ಲಿ ಉಜ್ಜಿದರು. "ನೀರಿಗೇ ಹಾಕಿಲ್ಲಮ್ಮ ಇದನ್ನ" ಅಂದರು. ಆಮೇಲೆ ಪಕ್ಕದ ಹೊಲಿಗೆಯನ್ನು ಬೆಳಕಿಗೆ ಹಿಡಿದು ಇನ್ನೊಂದು ತೋರಿಸಿದರು. ಒಳಗೆ ಮಾರ್ಜಿನ್ ಬಟ್ಟೆಯೇ ಬಿಟ್ಟಿರಲಿಲ್ಲ. ಓವರ್‌ಲಾಕ್ ಹೊಡೆದು ಅಂಚಿಗೇ ಕತ್ತರಿಸಿದ್ದರು. "ದಪ್ಪ ಆದ್ರೆ ಬಿಚ್ಚಿ ಹಾಕ್ಕೊಳ್ಳೋಕೂ ಇಲ್ಲ, ಸಣ್ಣ ಆದ್ರೆ ಹಿಡಿಯೋಕೂ ಇಲ್ಲ." ಲೈನಿಂಗ್ ಪೂರ್ತಿ ಕಿತ್ತು, ನೀರಿಗೆ ಹಾಕಿದ ಹೊಸ ಲೈನಿಂಗ್ ಕೊಟ್ಟರು. ಅದನ್ನು ಕೆಳಗಿನ ಅಂಚಿಗೆ ಸೇರಿಸದೆ ಸೀರೆಯ ಒಳಲಂಗದ ಹಾಗೆ ಸಡಿಲ ಬಿಟ್ಟರು. ಮುಂದೆ ಕುಗ್ಗಿದರೂ ಹೊರಬಟ್ಟೆಯನ್ನು ಎಳೆಯದಿರಲಿ ಅಂತ. ಕಂಕುಳ ಕೆಳಗೆ ಎರಡು ಚೌಕದ ತುಂಡು ಕೂಡಿಸಿದರು. ₹650 ಆಯಿತು.

ಅವರ ಕೈಯಲ್ಲೇ ಎರಡನೇ ಜಾಕೆಟ್ ಹೊಲಿಸಿದ್ದು. ಗುಳೇದಗುಡ್ಡದ ಖಣದ ಅಗಲ ಒಂದು ಗಜಕ್ಕೂ ಕಡಿಮೆ. ಕುಪ್ಪಸದ ಲೆಕ್ಕಕ್ಕೆ ನೇಯ್ದ ಬಟ್ಟೆ ಅದು. ಜಾಕೆಟ್ ಮಾಡಬೇಕಾದರೆ ಕತ್ತರಿ ಇಡುವ ಮೊದಲು ಯೋಚನೆ ಮಾಡಬೇಕು. ಬಾಂದ್ರಾದವರು ಅಂಚನ್ನು ಕತ್ತರಿಸಿ ಜೇಬಿನ ಮೇಲೆ ಪಟ್ಟಿಯಾಗಿ ಹಚ್ಚಿದ್ದರು. ಇವರು ಎರಡು ಕಡೆಯ ಅಂಚನ್ನೂ ಎದೆಯ ಮುಂದೆ ಗುಂಡಿಯ ಪಟ್ಟಿಗೇ ಬರುವ ಹಾಗೆ ಇಟ್ಟರು. ಬೆನ್ನಿನ ನಡುವೆ ಒಂದು ಜೋಡಣೆ ಬಂತು. ಅಲ್ಲೂ ಬಟ್ಟೆಯಲ್ಲಿ ನೇಯ್ದ ತೇರಿನ ಬುಟ್ಟಾ ಸಾಲು ತಪ್ಪದ ಹಾಗೆ ಕೂಡಿಸಿದ್ದಾರೆ. ಬೆರಳಾಡಿಸಿದರೆ ಮಾತ್ರ ಹೊಲಿಗೆ ಗೊತ್ತಾಗುತ್ತದೆ. ಅವ್ವ ಬಂದಾಗ ಬೆನ್ನು ತಿರುಗಿಸಿ ನೋಡಿ, "ತೇರು ಮುರದಿಲ್ಲ ನೋಡ, ಛಂದ ಹೊಲದಾನ" ಅಂದಳು. ಅವಳಿಂದ ಅಷ್ಟು ಮಾತು ಬರುವುದೇ ಅಪರೂಪ.

ಬಟ್ಟೆಯ ಬಗ್ಗೆಯೂ ಒಂದು ಮಾತು. ಗುಳೇದಗುಡ್ಡ ಖಣಕ್ಕೆ ಜಿಐ, ಅಂದರೆ ಇಂಥ ಊರಿನದ್ದೇ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಆದರೂ ಮುಂಬೈ ಬೀದಿಯಲ್ಲಿ ಖಣ ಅಂತ ಮಾರುವುದರಲ್ಲಿ ನಾನು ಕೈಯಿಟ್ಟು ನೋಡಿದ್ದೆಲ್ಲ ಹೆಚ್ಚುಕಡಿಮೆ ಪವರ್‌ಲೂಮ್‌ನ ಪಾಲಿಯೆಸ್ಟರ್. ಅದರ ಪರ್ಸು ಮಾಡಿಕೊಳ್ಳಿ, ಬೇಜಾರಿಲ್ಲ. ಮೈಗೆ ಹಾಕಿದರೆ ಮಾತ್ರ ಉಸಿರು ಕಟ್ಟುತ್ತದೆ. ಅನುಮಾನ ಬಂದರೆ ಅಂಚಿನಿಂದ ಎರಡು ಎಳೆ ನೂಲು ಎಳೆದು ಸುಟ್ಟು ನೋಡಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹತ್ತಿ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ. ರೇಷ್ಮೆಗೆ ಕೂದಲು ಸುಟ್ಟ ವಾಸನೆ. ಚಿಕ್ಕಪೇಟೆಯಲ್ಲೂ ನಕಲಿ ಸಿಗುತ್ತದೆ, ಅಲ್ಲೂ ಇದೇ ಮಾಡಿ. ಕೈಮಗ್ಗದ್ದೇ ಬೇಕಾದರೆ ಊರಿನಿಂದಲೇ ತರಿಸುವುದು ವಾಸಿ. ಬಸ್ಸಿನಲ್ಲಿ ಬರುವ ನೆಂಟರೊಬ್ಬರು ಇದ್ದರೆ ಸಾಕು. ಮುಂಬೈನಲ್ಲಿದ್ದಾಗ ನನಗೆ ಈ ಅನುಕೂಲ ಇರಲಿಲ್ಲ.

ಇನ್ನು ಹವೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಮುಂಬೈ ಸಮುದ್ರಕ್ಕೇ ಅಂಟಿಕೊಂಡಿದೆ. ಹಿಪ್‌ಸ್ಟರ್ ಉಡುಪಿನ ಅರ್ಧ ಸೊಗಸು ಒಂದರ ಮೇಲೊಂದು ಹಾಕುವುದರಲ್ಲಿದೆ, ಅಲ್ವಾ? ಶರ್ಟ್ ಮೇಲೆ ಜಾಕೆಟ್, ಅದರ ಮೇಲೊಂದು ದುಪಟ್ಟಾ. ಬೆಂಗಳೂರಿನಲ್ಲಿ ವರ್ಷದ ಬಹುಪಾಲು ಸಂಜೆ ಇದು ನಡೆಯುತ್ತದೆ. ಮಾರ್ಚ್, ಏಪ್ರಿಲ್ ಬಿಟ್ಟರೆ ಜಾಕೆಟನ್ನು ಒಂದೆರಡು ಸಲ ಹಾಕಿ ಗಾಳಿಗೆ ನೇತುಹಾಕಿ ಮತ್ತೆ ಹಾಕಬಹುದು. ಮುಂಬೈನಲ್ಲಿ ಡಿಸೆಂಬರ್, ಜನವರಿಯ ಕೆಲವು ಸಂಜೆಗಳಲ್ಲಷ್ಟೇ ಸಾಧ್ಯ. ಮಳೆಗಾಲವಂತೂ ಕೇಳಲೇಬೇಡಿ. ವರ್ಷಕ್ಕೆ 2,000 ಮಿಲಿಮೀಟರ್‌ಗೂ ಜಾಸ್ತಿ ಮಳೆ, ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನನ್ನ ಬಟ್ಟೆ ಚೀಲದ ಒಳಗೆ ಬೂಷ್ಟು ಹಿಡಿದಿತ್ತು.

ಅದಕ್ಕೇ ಮುಂಬೈನ ಒಳ್ಳೆ ಹಿಪ್‌ಸ್ಟರ್‌ಗಳು ಬೇರೆ ದಾರಿ ಹಿಡಿದಿದ್ದಾರೆ. ತೆಳು ಮಲ್‌ಮಲ್ ಕಾಟನ್, ಗಂಡಸರ ಅಳತೆಯ ಲಿನನ್ ಶರ್ಟ್, ಕಣಕಾಲಿನ ಮೇಲೆ ನಿಲ್ಲುವ ಪ್ಯಾಂಟು. ಬಣ್ಣಕ್ಕೆ, ಅಲಂಕಾರಕ್ಕೆಲ್ಲ ಕಿವಿ, ಮೂಗು, ಚೀಲ. ಫೆಬ್ರವರಿ ಹೊತ್ತಿಗೆ ನಡೆಯುವ ಕಾಲಾ ಘೋಡಾ ಉತ್ಸವದಲ್ಲಿ ಇದನ್ನು ಒಟ್ಟಿಗೆ ನೋಡಬಹುದು. 1999ರಿಂದ ನಡೆದುಬಂದಿರುವ ಉತ್ಸವ ಅದು. ಅಲ್ಲಿ ಬಂದವರ ಉಡುಪೇ ನನಗೆ ಮಳಿಗೆಗಳಿಗಿಂತ ಹೆಚ್ಚು ಇಷ್ಟವಾಗಿತ್ತು. ನಮ್ಮ ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆಯಲ್ಲಿ ಕಾಣುವುದೂ ಸುಮಾರು ಹಾಗೇ, ಆದರೆ ನಮ್ಮಲ್ಲಿ ಜುಬ್ಬಾ ಜಾಸ್ತಿ.

ಜುಬ್ಬಾ ಅಂದಾಗ ಹೇಳಲೇಬೇಕು. ಬೆಂಗಳೂರಿನಲ್ಲಿ ಈ ಫ್ಯಾಷನ್ ಕಾಫಿ ಶಾಪ್‌ಗಳ ಜೊತೆ ಬಂದಿದ್ದಲ್ಲ. ಜುಬ್ಬಾ, ಜೋಳಿಗೆ, ಗಡ್ಡ, ದಪ್ಪ ಕನ್ನಡಕ ಇದು ನಮ್ಮ ನವ್ಯ, ಬಂಡಾಯದ ಕಾಲದ ಬರಹಗಾರರ, ನಾಟಕದವರ ವೇಷ. ಜೆ.ಪಿ. ನಗರದ ರಂಗಶಂಕರದ ಮೆಟ್ಟಿಲ ಮೇಲೆ ಒಂದು ಸಂಜೆ ಕೂತರೆ ಅಪ್ಪನೂ ಮಗನೂ ಒಂದೇ ತರಹದ ಜುಬ್ಬಾದಲ್ಲಿ ಬರುವುದು ಕಾಣುತ್ತದೆ. ಹೆಗ್ಗೋಡಿನ ಚರಕ ಅನ್ನುವ ಮಹಿಳಾ ಸಹಕಾರ ಸಂಘದ ಹೆಣ್ಣುಮಕ್ಕಳು ಅಡಿಕೆ ಬೇಯಿಸಿದ ಚೊಗರಿನಂಥ ಬಣ್ಣ ಹಾಕಿ ಮಾಡಿದ ಬಟ್ಟೆ 'ದೇಸಿ' ಅಂಗಡಿಗಳ ಮೂಲಕ ಈ ಊರಿಗೆ ಬಂದು, ಆಫೀಸಿಗೆ ಜುಬ್ಬಾ ಹಾಕುವ ಒಂದು ತಲೆಮಾರನ್ನೇ ಮಾಡಿತು. ಇಂದಿರಾನಗರದ ಹನ್ನೆರಡನೇ ಮೇನ್‌ನಲ್ಲಿ ಅದೇ ತರಹದ್ದಕ್ಕೆ ಮೂರು ಪಟ್ಟು ಬೆಲೆ ಕೇಳುತ್ತಾರೆ. ಅಲ್ಲಿ ನಾನು ಕಾಫಿ ಮಾತ್ರ ಕುಡಿಯುತ್ತೇನೆ. ಮುಂಬೈನಲ್ಲೂ ಜುಹುವಿನ ಪೃಥ್ವಿ ಥಿಯೇಟರ್ ಅಂಗಳದಲ್ಲಿ ಕುರ್ತಾ, ಝೋಲಾದ ಗುಂಪು ಇದೆ. ಆದರೆ ಅದು ಆ ಅಂಗಳದಿಂದ ಹೊರಗೆ ಅಷ್ಟು ಹಬ್ಬಿದ್ದು ನಾನು ಕಾಣಲಿಲ್ಲ.

ಗಂಡಸರ ಸ್ನೀಕರ್ಸ್ ಹುಚ್ಚು ಎರಡೂ ಕಡೆ ಒಂದೇ. ಅದಕ್ಕಿಂತ ಹೆಚ್ಚು ಹೇಳುವುದೇನೂ ಇಲ್ಲ.

ಚಪ್ಪಲಿಯಲ್ಲಿ ಮಾತ್ರ ಸಮ ಸಮ. 2025ರ ಜೂನ್‌ನಲ್ಲಿ ಪ್ರಾಡಾ ಕಂಪನಿ ಮಿಲಾನ್‌ನ ಶೋದಲ್ಲಿ ಕೊಲ್ಹಾಪುರಿಯನ್ನೇ ಹೋಲುವ ಚಪ್ಪಲಿ ತೋರಿಸಿದ ಮೇಲೆ ಎರಡೂ ಊರಿನ ಹುಡುಗರು ಅದನ್ನು ಹುಡುಕತೊಡಗಿದರು. ಕೊಲ್ಹಾಪುರಿಯ ಜಿಐ ಮಾನ್ಯತೆ ಎರಡೂ ರಾಜ್ಯಗಳಿಗೆ ಸೇರಿದ್ದು. ಮಹಾರಾಷ್ಟ್ರದಲ್ಲಿ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೋಲಾಪುರ, ನಮ್ಮಲ್ಲಿ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಅಥಣಿಯ ಜೋಡು ಒಂದು ಸಲ ಪಾದಕ್ಕೆ ಒಗ್ಗಿದರೆ ವರ್ಷಗಟ್ಟಲೆ ಬರುತ್ತದೆ. ಹೊಸದರಲ್ಲಿ ಕಚ್ಚುತ್ತದೆ, ಎಣ್ಣೆ ಸವರಿ ಮನೆಯೊಳಗೆ ಹಾಕಿ ಪಳಗಿಸಿಕೊಳ್ಳಿ. ಮುಂಬೈ ಮಳೆಯಲ್ಲಿ ಹಾಕಬೇಡಿ.

ಮುಂಬೈ ಗೆಲ್ಲುವುದು ಎಲ್ಲಿ ಅಂದರೆ ಬೀದಿಯಲ್ಲಿ. ಕೊಲಾಬಾ ಕಾಸ್‌ವೇ, ಲಿಂಕಿಂಗ್ ರೋಡ್, ಆಜಾದ್ ಮೈದಾನದ ಹತ್ತಿರದ ಫ್ಯಾಷನ್ ಸ್ಟ್ರೀಟ್. ಕಮರ್ಷಿಯಲ್ ಸ್ಟ್ರೀಟ್ ಇವುಗಳ ಮುಂದೆ ಸಪ್ಪೆ. ನನ್ನ ಒಳ್ಳೊಳ್ಳೆ ಜುಮಕಿಗಳೆಲ್ಲ ಬಂದಿದ್ದು ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಿಂದ. ದೊಡ್ಡ ರಟ್ಟಿನ ಹಲಗೆಗೆ ಸಾಲಾಗಿ ಸಿಕ್ಕಿಸಿಕೊಂಡು ಬರುತ್ತಾರೆ. ಇಳಿಯುವ ಸ್ಟೇಷನ್ ಬರುವಷ್ಟರಲ್ಲಿ ಆರಿಸಿ, ಚೌಕಾಶಿ ಮಾಡಿ, ಕನ್ನಡಿ ಇಲ್ಲದೆ ಪಕ್ಕದವಳನ್ನು ಕೇಳಿ ತೆಗೆದುಕೊಳ್ಳಬೇಕು. ಎದುರಿಗೆ ಕೂತ, ತಲೆಯೆಲ್ಲ ನೆರೆತ ಹೆಂಗಸೊಬ್ಬರು ಖಣದ ಕುಪ್ಪಸಕ್ಕೆ ಬಿಳಿ ಸ್ನೀಕರ್ಸ್ ಹಾಕಿ, ಊಟದ ಡಬ್ಬಿ ಮಡಿಲಲ್ಲಿಟ್ಟುಕೊಂಡು ಆಫೀಸಿಗೆ ಹೋಗುತ್ತಿದ್ದರು. ಯಾರೂ ತಿರುಗಿ ನೋಡುತ್ತಿರಲಿಲ್ಲ. ಬೆಂಗಳೂರಿನಲ್ಲಿ ಈ ಧೈರ್ಯ ಇನ್ನೂ ಚರ್ಚ್ ಸ್ಟ್ರೀಟ್, ಇಂದಿರಾನಗರ, ರಂಗಶಂಕರದ ಆಚೆಗೆ ಬಂದಿಲ್ಲ. ನಮ್ಮ ಗಲ್ಲಿಯಲ್ಲಿ ಇಳಕಲ್ ಸೀರೆಗೆ ಶರ್ಟ್ ಹಾಕಿ ಹೊರಟರೆ ಎದುರು ಮನೆಯ ಆಂಟಿ, "ಬ್ಲೌಸ್ ಹೊಲಿಸಿಲ್ವೇನಮ್ಮ?" ಅಂತ ಕೇಳಿಯೇ ಕೇಳುತ್ತಾರೆ. ಇದರಲ್ಲಿ ನಾವು ಮುಂಬೈನಿಂದ ಕಲಿಯುವುದಿದೆ.

ಬೆಂಗಳೂರಿನ ಕಿರಿಕಿರಿ ಒಂದೇ, ಟೈಲರ್ ಕೊಡುವ ದಿನ. ಮಂಗಳವಾರ ಅಂದರೆ ಮುಂದಿನ ಮಂಗಳವಾರ ಅಂತ ತಿಳಿದುಕೊಳ್ಳಬೇಕು. ಶ್ರಾವಣದಿಂದ ದೀಪಾವಳಿವರೆಗೆ ಜಾಕೆಟ್, ಗೀಕೆಟ್ ಮಾತೇ ಎತ್ತಬಾರದು, ಅವರಿಗೆ ಬ್ಲೌಸ್ ಕೆಲಸವೇ ಕುತ್ತಿಗೆವರೆಗೆ ಇರುತ್ತದೆ.

ನನ್ನ ತೀರ್ಪು ನನ್ನ ಅಭ್ಯಾಸಕ್ಕೆ ಕಟ್ಟಿದ್ದು. ನಾನು ಬಟ್ಟೆಯನ್ನು ಮನೆಯಲ್ಲೇ ಒಗೆಯುವವಳು. ಇಷ್ಟವಾದ ಒಂದನ್ನೇ ಮತ್ತೆ ಮತ್ತೆ ಹಾಕುವವಳು. ಒಂದು ಮೇಲುಡುಪಿಗೆ ₹3,000 ದಾಟಿದರೆ ಕೈ ಹಿಂದೆ ಹೋಗುತ್ತದೆ. ಮೆಟ್ರೋ, ಬಸ್ಸು, ಕಾಲ್ನಡಿಗೆಯಲ್ಲಿ ಓಡಾಡುತ್ತೇನೆ. ಇಂಥವರಿಗೆ ಬೆಂಗಳೂರೇ ಸರಿ. ಬಟ್ಟೆ ಮೊದಲು, ಹೊಲಿಗೆ ಆಮೇಲೆ, ಅಳತೆ ನಮ್ಮದು, ದಪ್ಪ ಆದರೆ ಬಿಚ್ಚಿ ಹೊಲಿಯಲು ಮನುಷ್ಯ ಮೂರು ರಸ್ತೆ ಆಚೆ. ವಾರಕ್ಕೊಂದು ಹೊಸ ವೇಷ ಬೇಕು, ಕಡಿಮೆ ದುಡ್ಡಿನಲ್ಲಿ ಬೇಕು, ಎರಡು ಸಲ ಹಾಕಿ ಬಿಟ್ಟರೂ ಚಿಂತೆಯಿಲ್ಲ ಅನ್ನುವವರಿಗೆ ಮುಂಬೈಯಂಥ ಊರು ಇನ್ನೊಂದಿಲ್ಲ.

ಮುಂಬೈನಲ್ಲೇ ಇರುವ ನಮ್ಮವರು ಖಣದ ಜಾಕೆಟ್ ತೆಗೆದುಕೊಳ್ಳುವುದಾದರೆ ತೋಳಿಲ್ಲದ್ದು, ಲೈನಿಂಗ್ ಇಲ್ಲದ್ದು ನೋಡಿ. ಲೈನಿಂಗ್ ಇದ್ದರೆ ಕೆಳಗಿನ ಅಂಚು ಎತ್ತಿ ನೋಡಿ, ಸುತ್ತಲೂ ಸೇರಿಸಿ ಹೊಲಿದಿದ್ದರೆ ನೀರಿಗೆ ಹಾಕಿದ್ದಾ ಅಂತ ಕೇಳಿ, ಒಗೆಯುವ ವಿಧಾನವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆದುಕೊಡದಿದ್ದರೆ ಅಲ್ಲೇ ಬಿಟ್ಟು ಬನ್ನಿ. ಊರಿಗೆ ಹೋದಾಗ ಗುಳೇದಗುಡ್ಡದಲ್ಲಿ ಬಟ್ಟೆ ತೆಗೆದುಕೊಂಡು ಬಂದು, ಮಾಟುಂಗಾದಲ್ಲೋ ದಾದರಿನಲ್ಲೋ ಕುಪ್ಪಸ ಹೊಲಿಯುವವರ ಹತ್ತಿರ ಕೊಡಿ. ಕುಪ್ಪಸ ಹೊಲಿದು ಅಭ್ಯಾಸ ಇರುವವರಿಗೆ ನೀರಿಗೆ ಹಾಕುವುದನ್ನು ಹೇಳಿಕೊಡಬೇಕಿಲ್ಲ.